ಸೊಪ್ಪು, ಕಾಳು, ಇಡಿಧಾನ್ಯ: ಕರುಳಿನ ಕ್ಯಾನ್ಸರ್ ತಡೆಯುವುದರಲ್ಲಿ ಇವುಗಳ ಪಾಲೆಷ್ಟು?

ಪ್ರಶ್ನೆ: ನನಗೆ 41 ವರ್ಷ. ಕಳೆದ ವರ್ಷ ತಂದೆಗೆ ದೊಡ್ಡ ಕರುಳಿನ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಆಗ ಅವರಿಗೆ 59. ಶಸ್ತ್ರಚಿಕಿತ್ಸೆಯಾಗಿ ಚೇತರಿಸಿಕೊಳ್ಳುತ್ತಿದ್ದಾರೆ. ಅಂದಿನಿಂದ ನಾನು ಮಾಂಸ ಬಿಟ್ಟಿದ್ದೇನೆ. ಸಸ್ಯಮೂಲದ ಆಹಾರ ಹೆಚ್ಚು ತಿಂದರೆ ಈ ಕ್ಯಾನ್ಸರ್ ಬರುವ ಸಾಧ್ಯತೆ ತಗ್ಗುತ್ತದೆ ಎಂದು ಓದಿದ್ದೇನೆ, ನಿಜವೇ? ಏನನ್ನು, ಎಷ್ಟು ತಿನ್ನಬೇಕು? ಡಬ್ಬಿಯಲ್ಲಿ ಸಿಗುವ ನಾರಿನ ಪುಡಿ ಸಾಕಾಗುವುದಿಲ್ಲವೇ? ನನ್ನ ಪತ್ನಿ ಬಾಲ್ಯದಿಂದಲೂ ಸಸ್ಯಾಹಾರಿ. ಅವಳು ಈ ಬಗ್ಗೆ ಯೋಚಿಸಬೇಕಾಗಿಲ್ಲ ಎಂದುಕೊಳ್ಳಬಹುದೇ?

ಉತ್ತರ: ಹೌದು, ಸಾಧ್ಯತೆ ತಗ್ಗುತ್ತದೆ. ಆದರೆ ನೀವು ಆಸೆಪಡುತ್ತಿರುವಷ್ಟು ಅಲ್ಲ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ನೀವು ಮಾಂಸ ಬಿಟ್ಟ ವಾಕ್ಯದ ಮೇಲಲ್ಲ, ತಂದೆಯ ವಯಸ್ಸು ಬರೆದ ವಾಕ್ಯದ ಮೇಲೆ. ಆ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಈ ಉತ್ತರವನ್ನು ಅರ್ಧಕ್ಕೇ ನಿಲ್ಲಿಸಿ ಕೊಲೊನೋಸ್ಕೋಪಿಗೆ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ಇರುವ ನಳಿಕೆ ಹಾಯಿಸಿ ನೋಡುವ ಪರೀಕ್ಷೆ) ದಿನ ಗೊತ್ತುಮಾಡಿಕೊಳ್ಳಲು ನೀವು ಎದ್ದುಹೋದರೆ ನನಗೆ ಸಂತೋಷವೇ.

ಸಸ್ಯಮೂಲದ ಆಹಾರದಲ್ಲಿ ನಮಗೆ ಜೀರ್ಣವಾಗದೆ ಉಳಿಯುವ ಭಾಗವೇ ನಾರು (ಫೈಬರ್). ಅದಕ್ಕೂ ಕರುಳಿನ ಕ್ಯಾನ್ಸರಿಗೂ ನಂಟು ಹಾಕಿ ಅದನ್ನು ಜನಪ್ರಿಯಗೊಳಿಸಿದವರು ಐರ್ಲೆಂಡ್ ಮೂಲದ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್. ಉಗಾಂಡದಲ್ಲಿ ಹಲವು ವರ್ಷ ಕೆಲಸ ಮಾಡಿದ ಅವರಿಗೆ, ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿದ್ದ ದೊಡ್ಡ ಕರುಳಿನ ಕ್ಯಾನ್ಸರ್ ಅಲ್ಲಿನ ಹಳ್ಳಿಗರಲ್ಲಿ ಬಹಳ ಅಪರೂಪ ಎನ್ನುವುದು ಕಂಡಿತು. ಅವರ ಊಟದಲ್ಲಿ ನಾರು ಹೇರಳ, ಮಲ ಮೆತ್ತಗೆ, ಪ್ರಮಾಣ ಹೆಚ್ಚು, ಕರುಳಿನಲ್ಲಿ ಅದು ತಂಗುವ ಹೊತ್ತು ಕಡಿಮೆ. 1971ರಲ್ಲಿ ಬರ್ಕಿಟ್ ಈ ವಾದವನ್ನು ಪ್ರಕಟಿಸಿದರು. ವಾದ ಆಕರ್ಷಕವಾಗಿತ್ತು, ಪುರಾವೆ ಮಾತ್ರ ಸಡಿಲವಾಗಿತ್ತು. ಆ ಹಳ್ಳಿಗರು ಹೆಚ್ಚು ನಡೆಯುತ್ತಿದ್ದರು, ಮಾಂಸ ಕಡಿಮೆ ತಿನ್ನುತ್ತಿದ್ದರು, ತೆಳ್ಳಗಿದ್ದರು. ಈ ಎಲ್ಲದರ ನಡುವೆ ನಾರನ್ನು ಮಾತ್ರ ಎತ್ತಿ ತೋರಿಸುವುದು ಹೇಗೆ?

ಮುಂದಿನ ಮೂವತ್ತು ವರ್ಷಗಳ ಸಂಶೋಧನೆ ಒಮ್ಮೆ ಹೌದೆಂದಿತು, ಒಮ್ಮೆ ಇಲ್ಲವೆಂದಿತು. 1999ರಲ್ಲಿ ಅಮೆರಿಕದ ಸುಮಾರು 89 ಸಾವಿರ ದಾದಿಯರ ಅಧ್ಯಯನ, ನಾರಿಗೂ ಈ ಕ್ಯಾನ್ಸರಿಗೂ ಸಂಬಂಧ ಕಾಣುತ್ತಿಲ್ಲ ಎಂದಿತು. 2000ದಲ್ಲಿ ಎರಡು ಪ್ರಯೋಗಗಳ ಫಲಿತಾಂಶ ಹೊರಬಿತ್ತು. ಕರುಳಿನ ಪಾಲಿಪ್ (ಒಳಪದರದ ಮೇಲೆ ಬೆಳೆಯುವ, ಮುಂದೆ ಕ್ಯಾನ್ಸರ್ ಆಗಬಹುದಾದ ಸಣ್ಣ ಗಂಟು) ತೆಗೆಸಿಕೊಂಡವರ ಪೈಕಿ ಒಂದು ಗುಂಪಿಗೆ ನಾರು, ಹಣ್ಣು, ತರಕಾರಿ ಹೆಚ್ಚಿರುವ ಊಟ ಕೊಟ್ಟದ್ದು ಒಂದು ಪ್ರಯೋಗ, ಗೋಧಿಯ ಹೊಟ್ಟು ತಿನ್ನಿಸಿದ್ದು ಇನ್ನೊಂದು. ಎರಡರಲ್ಲೂ ಹೊಸ ಪಾಲಿಪ್‌ಗಳು ಹುಟ್ಟುವುದು ಕಡಿಮೆಯಾಗಲಿಲ್ಲ. ‘ನಾರಿನ ಕಥೆ ಮುಗಿಯಿತು’ ಎಂದು ಹಲವರು ಆಗ ತೀರ್ಮಾನಿಸಿಬಿಟ್ಟರು. 2003ರಲ್ಲಿ ಯೂರೋಪಿನ ಹತ್ತು ದೇಶಗಳ ಐದು ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡ ‘ಎಪಿಕ್’ ಅಧ್ಯಯನ ಇದಕ್ಕೆ ತದ್ವಿರುದ್ಧವಾದ ಮಾತು ಹೇಳಿತು. ನಾರು ಕಡಿಮೆ ತಿನ್ನುವ ಸಮುದಾಯಗಳು ಅದನ್ನು ಆಹಾರದ ಮೂಲಕವೇ ಇಮ್ಮಡಿ ಮಾಡಿಕೊಂಡರೆ ಅಪಾಯ ಶೇ. 40ರಷ್ಟು ಇಳಿಯಬಹುದು ಎಂಬುದು ಅದರ ಅಂದಾಜು.

ಇವುಗಳಲ್ಲಿ ಯಾವುದನ್ನು ನಂಬುವುದು? ನನ್ನ ಅಭಿಪ್ರಾಯದಲ್ಲಿ 2000ದ ಪ್ರಯೋಗಗಳು ಉತ್ತರಿಸಿದ್ದು ಬೇರೆಯದೇ ಪ್ರಶ್ನೆಗೆ. ಕರುಳಿನ ಒಳಪದರದಲ್ಲಿ ಮೊದಲ ಜೀವಕೋಶ ಹಾದಿ ತಪ್ಪುವುದರಿಂದ ಹಿಡಿದು ಪಾಲಿಪ್ ಕ್ಯಾನ್ಸರ್ ಆಗುವವರೆಗೆ ಸಾಮಾನ್ಯವಾಗಿ ಹತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಬೇಕು. ಈಗಾಗಲೇ ಪಾಲಿಪ್ ಬೆಳೆದವರಿಗೆ ಮೂರು ನಾಲ್ಕು ವರ್ಷ ಹೊಟ್ಟು ತಿನ್ನಿಸಿ, ಏನೂ ಆಗಲಿಲ್ಲ ಎನ್ನುವುದು ಆತುರದ ತೀರ್ಪು. ಹಾಗೆಂದು ಎಪಿಕ್‌ನ ಶೇ. 40 ಎಂಬ ಅಂಕಿಗೂ ನಾನು ಜೋತುಬೀಳುವುದಿಲ್ಲ. ಲೆಕ್ಕ ನೆಲೆಗೆ ಬಂದದ್ದು 2011ರಲ್ಲಿ, ಹಲವು ದೇಶಗಳ ದೀರ್ಘಕಾಲದ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ. ದಿನಕ್ಕೆ 10 ಗ್ರಾಂ ನಾರು ಹೆಚ್ಚಾದಂತೆ ಅಪಾಯ ಸುಮಾರು ಶೇ. 10ರಷ್ಟು ಕಡಿಮೆ. ದಿನಕ್ಕೆ 90 ಗ್ರಾಂ ಇಡಿಧಾನ್ಯದ ಆಹಾರ ತಿನ್ನುವವರಲ್ಲಿ ಸುಮಾರು ಶೇ. 17ರಷ್ಟು ಕಡಿಮೆ. ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯ ಪರಿಣತರು ಇಡಿಧಾನ್ಯ ಮತ್ತು ನಾರಿರುವ ಆಹಾರಗಳ ರಕ್ಷಣೆಯನ್ನು ‘ಬಹುಮಟ್ಟಿಗೆ ನಿಜ’ ಎಂಬ ದರ್ಜೆಯಲ್ಲಿ ಇಟ್ಟಿದ್ದಾರೆ. ಸೊಪ್ಪು, ತರಕಾರಿ, ಹಣ್ಣಿಗೆ ಸಿಕ್ಕ ದರ್ಜೆ ಇದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಇದು ಅನೇಕರಿಗೆ ಅಚ್ಚರಿ ತರುತ್ತದೆ. ಕರುಳಿನ ಮಟ್ಟಿಗೆ ಇಡಿಧಾನ್ಯ ಮತ್ತು ನಾರಿನ ಸಾಕ್ಷ್ಯ ಸೊಪ್ಪು, ತರಕಾರಿಯ ಸಾಕ್ಷ್ಯಕ್ಕಿಂತ ಗಟ್ಟಿ.

ಶೇ. 10 ಎಂದರೆ ಏನು ಎಂಬುದನ್ನೂ ಬಿಡಿಸಿ ಹೇಳಬೇಕು, ಸುದ್ದಿಗಳಲ್ಲಿ ಎಡವಟ್ಟಾಗುವುದೇ ಇಲ್ಲಿ. ಒಂದು ಸಮುದಾಯದಲ್ಲಿ ಸಾವಿರ ಜನರ ಪೈಕಿ 40 ಮಂದಿಗೆ ಜೀವಮಾನದಲ್ಲಿ ಒಮ್ಮೆ ಈ ಕ್ಯಾನ್ಸರ್ ಬರುತ್ತದೆ ಎಂದಿಟ್ಟುಕೊಳ್ಳಿ. ಶೇ. 10 ಇಳಿಕೆ ಎಂದರೆ 40 ಹೋಗಿ 36 ಆಗುವುದು. ಉಳಿದ 36 ಮಂದಿ ಕಾಳು ತಿಂದೂ ಕಾಯಿಲೆಗೆ ಬಿದ್ದವರು. ಇಡೀ ಜಗತ್ತನ್ನು ತೆಗೆದುಕೊಂಡರೆ ಈ ಇಳಿಕೆ ಸಣ್ಣದೇನಲ್ಲ. 2022ರ ಅಂದಾಜಿನಂತೆ ಜಗತ್ತಿನಲ್ಲಿ ಆ ಒಂದೇ ವರ್ಷ 19 ಲಕ್ಷಕ್ಕೂ ಹೆಚ್ಚು ಜನರಿಗೆ ಈ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು, ಸುಮಾರು 9 ಲಕ್ಷ ಜನ ತೀರಿಕೊಂಡರು. ಆದರೆ ಒಬ್ಬ ವ್ಯಕ್ತಿಗೆ ಇದರಿಂದ ಸಿಗುವುದು ಒಂದಿಷ್ಟು ಅನುಕೂಲ, ಅಭಯವಲ್ಲ.

ಇನ್ನು ಕರುಳಿನೊಳಗೆ ನಡೆಯುವುದೇನು ಎಂಬ ವಿಷಯ. ನನಗೆ ಅತ್ಯಂತ ಪ್ರಿಯವಾದ ಭಾಗ ಇದು, ಸ್ವಲ್ಪ ಸಾವಕಾಶವಾಗಿ ಹೇಳುತ್ತೇನೆ.

ನಾರನ್ನು ಜೀರ್ಣಿಸುವ ಶಕ್ತಿ ನಮ್ಮ ಸಣ್ಣ ಕರುಳಿಗಿಲ್ಲ. ಅದು ಇದ್ದ ಹಾಗೆಯೇ ದೊಡ್ಡ ಕರುಳನ್ನು ತಲುಪುತ್ತದೆ. ಅಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾಗಳು ಕಾದಿರುತ್ತವೆ. ಅವು ನಾರನ್ನು ಹುದುಗಿಸಿ ಕಿರುಸರಪಳಿಯ ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ಇವುಗಳಲ್ಲಿ ಮುಖ್ಯವಾದದ್ದು ಬ್ಯುಟಿರೇಟ್. ದೇಹದ ಬಹುತೇಕ ಜೀವಕೋಶಗಳು ರಕ್ತದಲ್ಲಿ ಬರುವ ಸಕ್ಕರೆಯನ್ನು ನೆಚ್ಚಿಕೊಂಡಿದ್ದರೆ, ದೊಡ್ಡ ಕರುಳಿನ ಒಳಪದರದ ಕೋಶಗಳ ಮೊದಲ ಆಯ್ಕೆ ಈ ಬ್ಯುಟಿರೇಟ್. ಅದು ಸಾಕಷ್ಟು ಸಿಕ್ಕರೆ ಒಳಪದರ ಬಿಗಿಯಾಗಿರುತ್ತದೆ, ಉರಿಯೂತ ತಗ್ಗುತ್ತದೆ. ಹಾದಿ ತಪ್ಪಿದ ಕೋಶಗಳು ತಾವಾಗಿಯೇ ಸಾಯುವಂತೆ ಅದು ಪ್ರಚೋದಿಸುವುದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. ನಾರು ಸಿಗದಿದ್ದರೆ ಬ್ಯಾಕ್ಟೀರಿಯಾಗಳು ಉಪವಾಸ ಕೂರುವುದಿಲ್ಲ. ಕರುಳಿನ ಗೋಡೆಯನ್ನು ಕಾಯುವ ಲೋಳೆಪದರವನ್ನೇ ಕೆಲವು ತಿನ್ನತೊಡಗುತ್ತವೆ. ಇಲಿಗಳಲ್ಲಿ ಇದನ್ನು ನೇರವಾಗಿ ತೋರಿಸಲಾಗಿದೆ.

ಎರಡನೆಯದು ಪಿತ್ತಾಮ್ಲಗಳ ಕಥೆ. ಕೊಬ್ಬನ್ನು ಜೀರ್ಣಿಸಲು ಯಕೃತ್ತು ಕಳಿಸುವ ಪಿತ್ತರಸದ ಒಂದು ಪಾಲು ದೊಡ್ಡ ಕರುಳಿಗೂ ಬರುತ್ತದೆ. ಅಲ್ಲಿನ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಡಿಆಕ್ಸಿಕೋಲಿಕ್ ಆಮ್ಲದಂತಹ ರೂಪಗಳಿಗೆ ಬದಲಿಸುತ್ತವೆ. ಇವು ಒಳಪದರವನ್ನು ಕೆರಳಿಸುವ ಸ್ವಭಾವದವು, ಜೀವಕೋಶದ ಡಿಎನ್‌ಎಗೂ ಹಾನಿ ಮಾಡಬಲ್ಲವು. ನಾರು ಮಲದ ಗಾತ್ರ ಹೆಚ್ಚಿಸಿ ಇವನ್ನು ತೆಳುವಾಗಿಸುತ್ತದೆ, ಬೇಗ ಹೊರಗೆ ಸಾಗಿಸುತ್ತದೆ.

ಇದೆಲ್ಲ ಮನುಷ್ಯರಲ್ಲಿ ನಿಜವಾಗಿ ನಡೆಯುತ್ತದೆಯೇ? 2015ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನ 20 ಆಫ್ರಿಕನ್ ಅಮೆರಿಕನ್ನರು ಮತ್ತು ದಕ್ಷಿಣ ಆಫ್ರಿಕಾದ ಹಳ್ಳಿಗಾಡಿನ 20 ಜನ ಎರಡು ವಾರಗಳ ಮಟ್ಟಿಗೆ ಊಟ ಅದಲುಬದಲು ಮಾಡಿಕೊಂಡರು. ಅಮೆರಿಕನ್ನರ ನಾರು ದಿನಕ್ಕೆ 14 ಗ್ರಾಂ ಇದ್ದದ್ದು 55ಕ್ಕೆ ಏರಿತು, ಆಫ್ರಿಕನ್ನರದ್ದು 66ರಿಂದ 12ಕ್ಕೆ ಕುಸಿಯಿತು. ಎರಡೇ ವಾರದಲ್ಲಿ ಅಮೆರಿಕನ್ನರ ಕರುಳಿನಲ್ಲಿ ಬ್ಯುಟಿರೇಟ್ ತಯಾರಿ ಹೆಚ್ಚಿತು, ಕೆರಳಿಸುವ ಪಿತ್ತಾಮ್ಲಗಳು ಶೇ. 70ರಷ್ಟು ಇಳಿದವು, ಒಳಪದರದ ಉರಿಯೂತ ತಗ್ಗಿತು. ಆಫ್ರಿಕನ್ನರಲ್ಲಿ ಇದರ ತಲೆಕೆಳಗು. ಇಷ್ಟು ಚಿಕ್ಕ ಅವಧಿಯಲ್ಲಿ ಕ್ಯಾನ್ಸರ್ ಬಂತೇ ಹೋಯಿತೇ ಎಂದು ನೋಡಲಾಗದು, ಕೊಬ್ಬು ಮತ್ತು ಮಾಂಸದ ಪ್ರಮಾಣವೂ ಜೊತೆಗೇ ಬದಲಾಗಿತ್ತು. ಆದರೂ ‘ಇಷ್ಟು ವರ್ಷ ತಿಂದದ್ದಾಯಿತು, ಈಗ ಬದಲಿಸಿ ಏನು ಪ್ರಯೋಜನ’ ಎನ್ನುವವರಿಗೆ ನಾನು ಹೇಳುವುದು ಈ ಪ್ರಯೋಗದ ಬಗ್ಗೆಯೇ.

ಈಗ ನಿಮ್ಮ ತಟ್ಟೆಗೆ ಬರೋಣ. ದಿನಕ್ಕೆ ಸುಮಾರು 30 ಗ್ರಾಂ ನಾರು ಒಳ್ಳೆಯ ಗುರಿ. ಬೇಯಿಸಿದ ಮಸೂರ 100 ಗ್ರಾಂ ಇದ್ದರೆ ಅದರಲ್ಲಿ ಸುಮಾರು 8 ಗ್ರಾಂ ನಾರು ಇರುತ್ತದೆ, ಬೇಯಿಸಿದ ರಾಜ್ಮಾದಲ್ಲಿ 6ರಿಂದ 7. ಸಿಪ್ಪೆಸಹಿತ ಮಧ್ಯಮ ಗಾತ್ರದ ಸೇಬಿನಲ್ಲಿ 4, ಒಂದು ಮುಷ್ಟಿ ಬಾದಾಮಿಯಲ್ಲಿ 3ಕ್ಕೂ ಹೆಚ್ಚು. ಇಡಿ ಗೋಧಿಯ ಹಿಟ್ಟಿನಲ್ಲಿ 100 ಗ್ರಾಮಿಗೆ 10 ಗ್ರಾಂ ದಾಟುತ್ತದೆ, ಮೈದಾದಲ್ಲಿ 3 ಗ್ರಾಂ ಕೂಡ ಇರುವುದಿಲ್ಲ. ಪಾಲಿಶ್ ಮಾಡಿದ ಬಿಳಿ ಅಕ್ಕಿಯ ಅನ್ನದಲ್ಲಿ 100 ಗ್ರಾಮಿಗೆ ಅರ್ಧ ಗ್ರಾಮಿನ ಆಸುಪಾಸು. ಸೋಸಿದ ಹಣ್ಣಿನ ರಸದಲ್ಲಿ ಇಲ್ಲವೆಂದೇ ಹೇಳಬೇಕು. ಅಂದರೆ ದಿನಕ್ಕೆ ಎರಡು ಹೊತ್ತು ಕಾಳು ಅಥವಾ ಬೇಳೆ, ಮುಖ್ಯ ಧಾನ್ಯ ತವಡು ತೆಗೆಯದ್ದು, ಎರಡು ಇಡೀ ಹಣ್ಣು, ಎರಡು ಬಗೆಯ ತರಕಾರಿ, ಒಂದು ಮುಷ್ಟಿ ಬೀಜಗಳು. ಇಷ್ಟಾದರೆ ಲೆಕ್ಕ ಹಾಕದೆಯೇ 30 ಗ್ರಾಂ ಆಗುತ್ತದೆ. ಗ್ರಾಂಗಳನ್ನು ಬರೆದಿಟ್ಟುಕೊಂಡು ಉಣ್ಣುವ ಅಗತ್ಯ ನನಗೆ ಕಾಣುವುದಿಲ್ಲ. ಬಗೆಬಗೆಯ ಗಿಡಗಳಿಂದ ಬರಲಿ ಎಂಬುದಷ್ಟೇ ಮುಖ್ಯ, ಏಕೆಂದರೆ ಒಂದೊಂದು ಬಗೆಯ ನಾರನ್ನು ಒಂದೊಂದು ಬಗೆಯ ಬ್ಯಾಕ್ಟೀರಿಯಾ ತಿನ್ನುತ್ತದೆ.

ಒಂದೇ ದಿನದಲ್ಲಿ ಇದನ್ನೆಲ್ಲ ಜಾರಿಗೆ ತರಬೇಡಿ. ಹೊಟ್ಟೆ ಉಬ್ಬರಿಸಿ, ವಾಯು ತುಂಬಿ, ಮೂರನೆಯ ದಿನಕ್ಕೆ ಕೈಬಿಡುತ್ತೀರಿ. ನಾಲ್ಕೈದು ವಾರಗಳಲ್ಲಿ ನಿಧಾನವಾಗಿ ಏರಿಸಿ, ಕಾಳುಗಳನ್ನು ಚೆನ್ನಾಗಿ ನೆನೆಸಿ, ನೆನೆಸಿದ ನೀರು ಚೆಲ್ಲಿ ಬೇಯಿಸಿ, ನೀರು ಸಾಕಷ್ಟು ಕುಡಿಯಿರಿ. ನಿಮ್ಮ ತಂದೆಯವರು ಮಾತ್ರ ನಿಮ್ಮ ಉತ್ಸಾಹಕ್ಕೆ ಸಿಕ್ಕಿಕೊಳ್ಳದಿರಲಿ. ಕರುಳಿನ ಶಸ್ತ್ರಚಿಕಿತ್ಸೆಯಾದ ಹೊಸತರಲ್ಲಿ, ಕಿಮೋಥೆರಪಿಯ ಸಮಯದಲ್ಲಿ, ಕರುಳು ಕಿರಿದಾಗಿರುವವರಲ್ಲಿ ಹೆಚ್ಚು ನಾರು ತೊಂದರೆ ಕೊಡಬಹುದು. ಅವರ ಊಟವನ್ನು ಅವರ ವೈದ್ಯರು ಹೇಳಲಿ.

ಪುಡಿಯ ವಿಚಾರದಲ್ಲಿ ನಾನು ಸ್ವಲ್ಪ ಮೊಂಡ. ಇಸಬ್ಗೋಲ್‌ನಂತಹ ಪುಡಿಗಳು ಮಲಬದ್ಧತೆಗೆ ಒಳ್ಳೆಯವು, ಕೊಲೆಸ್ಟರಾಲನ್ನೂ ಸ್ವಲ್ಪ ಇಳಿಸುತ್ತವೆ. ಆದರೆ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹೆಚ್ಚು ಹುದುಗಿಸಲಾರವು, ಹಾಗಾಗಿ ಬ್ಯುಟಿರೇಟಿನ ಲಾಭ ಅಲ್ಲಿ ಕಡಿಮೆ. ಪುಡಿಯಿಂದ ಕ್ಯಾನ್ಸರ್ ತಗ್ಗಿತು ಎನ್ನುವ ಪ್ರಯೋಗದ ಪುರಾವೆಯೂ ಇಲ್ಲ. ಮೇಲೆ ಹೇಳಿದ ಅಧ್ಯಯನಗಳಲ್ಲಿ ಲಾಭ ಕಂಡದ್ದು ಆಹಾರ ತಿಂದವರಲ್ಲಿ. ಇಡೀ ಕಾಳಿನಲ್ಲಿ ನಾರಿನ ಜೊತೆ ಫೋಲೇಟ್, ಮೆಗ್ನೀಷಿಯಂ, ಜೀರ್ಣವಾಗದೆ ಉಳಿಯುವ ಪಿಷ್ಟ, ನೂರಾರು ಸಸ್ಯಜನ್ಯ ರಾಸಾಯನಿಕಗಳು ಇರುತ್ತವೆ. ಅವುಗಳಲ್ಲಿ ಒಂದನ್ನು ಬೇರ್ಪಡಿಸಿ ಮಾತ್ರೆ ಮಾಡುವ ಪ್ರಯತ್ನಕ್ಕೆ ವೈದ್ಯಲೋಕ ಒಮ್ಮೆ ದೊಡ್ಡ ಪೆಟ್ಟು ತಿಂದಿದೆ. ತರಕಾರಿ ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ಫಿನ್ಲೆಂಡಿನ ಧೂಮಪಾನಿ ಗಂಡಸರಿಗೆ ಬೀಟಾ ಕ್ಯಾರೊಟೀನ್ ಮಾತ್ರೆ ಕೊಟ್ಟಾಗ, ಅವರಲ್ಲಿ ಆ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಯಿತು. 1994ರಲ್ಲಿ ಆ ಫಲಿತಾಂಶ ಬಂದ ಮೇಲೆ ‘ಗಿಡದ ಸಾರವೇ ತಾನೇ, ಹಾನಿ ಏನು’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಮಾಂಸ ಬಿಟ್ಟದ್ದರಿಂದ ಲಾಭವಿದೆಯೇ? ಯಾವ ಮಾಂಸ ಎನ್ನುವುದರ ಮೇಲೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2015ರಲ್ಲಿ ಸಂಸ್ಕರಿತ ಮಾಂಸವನ್ನು, ಅಂದರೆ ಉಪ್ಪು ಹಾಕಿ, ಹೊಗೆ ಹಿಡಿಸಿ ಅಥವಾ ನೈಟ್ರೈಟ್ ಬೆರೆಸಿ ಕೆಡದಂತೆ ಮಾಡಿದ ಸಾಸೇಜ್, ಬೇಕನ್, ಹ್ಯಾಮ್‌ಗಳನ್ನು, ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ದಿನಕ್ಕೆ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಶೇ. 18ರಷ್ಟು ಏರುತ್ತದೆ. ತಂಬಾಕು ಕೂಡ ಇದೇ ಗುಂಪಿನಲ್ಲಿದೆ ಎಂದು ನೋಡಿ ಎರಡೂ ಸಮಾನ ಅಪಾಯಕಾರಿ ಎಂದು ಬರೆದವರು ಬಹಳ. ಅದು ತಪ್ಪು. ಈ ಗುಂಪು ಪುರಾವೆ ಎಷ್ಟು ಗಟ್ಟಿ ಎಂಬುದನ್ನು ಹೇಳುತ್ತದೆಯೇ ಹೊರತು ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಕುರಿ, ದನ, ಹಂದಿಯಂತಹ ಕೆಂಪು ಮಾಂಸ ಎರಡನೆಯ ಗುಂಪಿನಲ್ಲಿದೆ, ‘ಬಹುಶಃ ಕಾರಣ’ ಎಂಬ ದರ್ಜೆ. ಬೇಯಿಸಿದ ತೂಕದಲ್ಲಿ ವಾರಕ್ಕೆ 350ರಿಂದ 500 ಗ್ರಾಂ ಮೀರದಿರಲಿ ಎಂಬುದು ಸಾಮಾನ್ಯ ಸಲಹೆ. ಮೀನು ಮತ್ತು ಕೋಳಿಯ ಮೇಲೆ ಇಂತಹ ಆರೋಪವಿಲ್ಲ. ಅಮೆರಿಕದ ಅಡ್ವೆಂಟಿಸ್ಟ್ ಕ್ರೈಸ್ತರ ಅಧ್ಯಯನದಲ್ಲಿ ಸಸ್ಯಾಹಾರಿಗಳ ಅಪಾಯ ಮಾಂಸಾಹಾರಿಗಳಿಗಿಂತ ಒಟ್ಟಾರೆ ಶೇ. 22ರಷ್ಟು ಕಡಿಮೆ ಇತ್ತು. ಅವರೊಳಗೆ ಎಲ್ಲರಿಗಿಂತ ಕಡಿಮೆ ಅಪಾಯವಿದ್ದದ್ದು ಸಸ್ಯಾಹಾರದ ಜೊತೆ ಮೀನನ್ನೂ ತಿನ್ನುತ್ತಿದ್ದವರಿಗೆ.

ಇಲ್ಲಿಗೆ ನಿಮ್ಮ ಪತ್ನಿಯ ಪ್ರಶ್ನೆ ಬಂತು. ಸಸ್ಯಾಹಾರಿ ಎಂಬ ಹಣೆಪಟ್ಟಿ ಯಾರನ್ನೂ ಕಾಯುವುದಿಲ್ಲ. ಬ್ರಿಟನ್ನಿನ ಒಂದು ದೊಡ್ಡ ಅಧ್ಯಯನ 2009ರಲ್ಲಿ, ಸಸ್ಯಾಹಾರಿಗಳಲ್ಲಿ ಕರುಳಿನ ಕ್ಯಾನ್ಸರ್ ಕಡಿಮೆಯಾಗುವುದಿರಲಿ, ಹೆಚ್ಚೇ ಇದೆ ಎಂದು ವರದಿ ಮಾಡಿತ್ತು. ಮಾಂಸವಿಲ್ಲದ ಊಟದಲ್ಲೂ ಮೈದಾ, ಸಕ್ಕರೆ, ಕರಿದ ತಿಂಡಿ, ಬಿಳಿ ಅಕ್ಕಿಯೇ ತುಂಬಿರಬಹುದು. 2022ರಲ್ಲಿ ಅಮೆರಿಕದಿಂದ ಬಂದ ಒಂದು ಅಧ್ಯಯನ ಗಿಡದ ಆಹಾರವನ್ನೇ ಆರೋಗ್ಯಕರ ಮತ್ತು ಅನಾರೋಗ್ಯಕರ ಎಂದು ಎರಡಾಗಿ ವಿಂಗಡಿಸಿ ನೋಡಿತು. ಇಡಿಧಾನ್ಯ, ಕಾಳು, ತರಕಾರಿಯ ಊಟ ಅತಿ ಹೆಚ್ಚು ಮಾಡುತ್ತಿದ್ದ ಗಂಡಸರಲ್ಲಿ ಅಪಾಯ, ಅತಿ ಕಡಿಮೆ ಮಾಡುತ್ತಿದ್ದವರಿಗಿಂತ ಶೇ. 22ರಷ್ಟು ತಗ್ಗಿತ್ತು. ಹೆಂಗಸರಲ್ಲಿ ಅಂತಹ ಸಂಬಂಧ ಕಾಣಲಿಲ್ಲ. ಹೆಂಗಸರಿಗೆ ಕಾಳು ಬೇಡ ಎಂದು ಇದರ ಅರ್ಥವಲ್ಲ, ಹೃದಯಕ್ಕೂ ಸಕ್ಕರೆ ಕಾಯಿಲೆಗೂ ಅದರ ಲಾಭ ಇದ್ದೇ ಇದೆ. ಆದರೆ ಸಸ್ಯಾಹಾರಿ ಎಂಬ ಕಾರಣಕ್ಕೆ ನಿಮ್ಮ ಪತ್ನಿ ತಪಾಸಣೆ ತಪ್ಪಿಸಬಾರದು. ಅವರ ಕುಟುಂಬದಲ್ಲಿ ಈ ಕಾಯಿಲೆ ಇಲ್ಲದಿದ್ದರೆ, ಆಯಾ ದೇಶದ ನಿಯಮದಂತೆ 45ನೆಯ ಅಥವಾ 50ನೆಯ ವಯಸ್ಸಿನಿಂದ ಆರಂಭಿಸಿದರೆ ಸಾಕು.

ಹಾಲು, ಮೊಸರನ್ನೂ ಬಿಡಬೇಕೇ ಎಂದು ನೀವು ಕೇಳಿಲ್ಲ, ಆದರೆ ಮುಂದಿನ ಹೆಜ್ಜೆ ಅದೇ ಆಗಿರುತ್ತದೆ ಎಂದು ನನ್ನ ಗುಮಾನಿ. ಬಿಡಬೇಡಿ. ಈ ಕ್ಯಾನ್ಸರಿನ ಮಟ್ಟಿಗೆ ಹಾಲಿನ ಕ್ಯಾಲ್ಸಿಯಂ ರಕ್ಷಣೆಯ ಪಕ್ಷದಲ್ಲಿದೆ. ಬ್ರಿಟನ್ನಿನ ಐದು ಲಕ್ಷಕ್ಕೂ ಹೆಚ್ಚು ಹೆಂಗಸರ ಅಧ್ಯಯನವೊಂದು 2025ರಲ್ಲಿ, ದಿನಕ್ಕೆ 300 ಮಿಲಿಗ್ರಾಂ ಕ್ಯಾಲ್ಸಿಯಂ, ಅಂದರೆ ಸುಮಾರು ಒಂದು ದೊಡ್ಡ ಲೋಟ ಹಾಲಿನಷ್ಟು ಹೆಚ್ಚು ಸೇವಿಸುವವರಲ್ಲಿ ಅಪಾಯ ಶೇ. 17ರಷ್ಟು ಕಡಿಮೆ ಎಂದು ತೋರಿಸಿತು. ಅದೇ ಅಧ್ಯಯನದಲ್ಲಿ ಮದ್ಯ ಅಪಾಯವನ್ನು ಏರಿಸಿತು. ಮದ್ಯ, ತಂಬಾಕು, ಹೊಟ್ಟೆಯ ಸುತ್ತಲಿನ ಬೊಜ್ಜು, ಕೂತಲ್ಲೇ ಕೂರುವುದು ಇವನ್ನು ಹಾಗೆಯೇ ಇಟ್ಟುಕೊಂಡು ಕಾಳು ಮಾತ್ರ ಹೆಚ್ಚಿಸುವುದು ಲಾಭದ ವ್ಯವಹಾರವಲ್ಲ.

ಈಗ ನಿಮ್ಮ ತಂದೆಯ ವಯಸ್ಸಿನ ವಿಚಾರ. ತಂದೆ, ತಾಯಿ, ಒಡಹುಟ್ಟಿದವರು ಅಥವಾ ಮಕ್ಕಳಲ್ಲಿ ಒಬ್ಬರಿಗೆ ಈ ಕ್ಯಾನ್ಸರ್ ಬಂದಿದ್ದರೆ ನಿಮ್ಮ ಅಪಾಯ ಇತರರಿಗಿಂತ ಸುಮಾರು ಇಮ್ಮಡಿ. ಅವರಿಗೆ 60 ತುಂಬುವ ಮೊದಲೇ ಬಂದಿದ್ದರೆ ಇನ್ನೂ ಎಚ್ಚರ ಬೇಕು. ಅಂತಹವರು 40ನೆಯ ವಯಸ್ಸಿನಲ್ಲಿ, ಅಥವಾ ಸಂಬಂಧಿಗೆ ಕಾಯಿಲೆ ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಇವೆರಡರಲ್ಲಿ ಯಾವುದು ಮುಂಚೆಯೋ ಆಗ ಕೊಲೊನೋಸ್ಕೋಪಿ ಮಾಡಿಸಬೇಕು, ನಂತರ ಐದು ವರ್ಷಕ್ಕೊಮ್ಮೆ ಎಂಬುದು ಅಮೆರಿಕದ ತಜ್ಞರ ಮಾರ್ಗಸೂಚಿ. ಬೇರೆ ದೇಶಗಳಲ್ಲಿ ಸ್ವಲ್ಪ ವ್ಯತ್ಯಾಸವಿದೆ. ಈ ಲೆಕ್ಕದಲ್ಲಿ ನಿಮ್ಮ ಸರದಿ ಈಗಾಗಲೇ ಬಂದಿದೆ. ಕೊಲೊನೋಸ್ಕೋಪಿಯ ದೊಡ್ಡ ಗುಣವೆಂದರೆ ಅದು ಪಾಲಿಪ್‌ಗಳನ್ನು ಕಂಡ ಕೂಡಲೇ ತೆಗೆದುಹಾಕುತ್ತದೆ. ಕ್ಯಾನ್ಸರ್ ಆಗಬಹುದಾಗಿದ್ದುದು ಅಲ್ಲಿಗೇ ನಿಲ್ಲುತ್ತದೆ. ಇಷ್ಟು ದೊಡ್ಡ ಉಪಕಾರವನ್ನು ಯಾವ ಆಹಾರವೂ ಮಾಡಲಾರದು.

ಜೊತೆಗೆ ತಂದೆಯವರ ಚಿಕಿತ್ಸಕರನ್ನು ಒಂದು ಮಾತು ಕೇಳಿ: ತೆಗೆದ ಗಡ್ಡೆಯಲ್ಲಿ ಲಿಂಚ್ ಸಿಂಡ್ರೋಮಿನ ಸೂಚನೆಗಾಗಿ ಪರೀಕ್ಷೆ ನಡೆದಿದೆಯೇ? ಇದು ಈ ಕ್ಯಾನ್ಸರಿನ ಅಪಾಯವನ್ನು ಬಹಳ ಏರಿಸುವ, ವಂಶವಾಹಿಯಲ್ಲಿ ಬರುವ ದೋಷ. ಇದ್ದರೆ ನಿಮ್ಮ ತಪಾಸಣೆಯ ವೇಳಾಪಟ್ಟಿಯೇ ಬೇರೆಯಾಗುತ್ತದೆ, ಒಂದೆರಡು ವರ್ಷಕ್ಕೊಮ್ಮೆ ನೋಡಬೇಕಾಗುತ್ತದೆ, ಒಡಹುಟ್ಟಿದವರಿಗೂ ತಿಳಿಸಬೇಕಾಗುತ್ತದೆ. ಇನ್ನು ಮಲದಲ್ಲಿ ರಕ್ತ, ವಾರಗಟ್ಟಲೆ ಮಲವಿಸರ್ಜನೆಯ ಕ್ರಮದಲ್ಲಿ ಬದಲಾವಣೆ, ಕಾರಣ ತಿಳಿಯದ ತೂಕ ಇಳಿಕೆ, ಕಬ್ಬಿಣದ ಕೊರತೆಯ ರಕ್ತಹೀನತೆ ಇವುಗಳಲ್ಲಿ ಯಾವುದಿದ್ದರೂ ವಯಸ್ಸು ಲೆಕ್ಕಿಸದೆ ವೈದ್ಯರಲ್ಲಿಗೆ ಹೋಗಿ. ‘ನಾರು ಹೆಚ್ಚಿಸಿದ್ದೇನೆ, ಅದಕ್ಕೇ ಹೀಗಾಗುತ್ತಿರಬೇಕು’ ಎಂದು ರಕ್ತಸ್ರಾವಕ್ಕೆ ನೀವೇ ವಿವರಣೆ ಕೊಟ್ಟುಕೊಳ್ಳಬೇಡಿ, ಮೂಲವ್ಯಾಧಿಯ ಮೇಲೂ ಹಾಕಬೇಡಿ.

ಕೊಲೊನೋಸ್ಕೋಪಿಗೆ ಎರಡು ಮೂರು ದಿನ ಮುಂಚೆ ಕಾಳು, ಬೀಜ, ಸಿಪ್ಪೆ, ಇಡಿಧಾನ್ಯ ಎಲ್ಲವನ್ನೂ ನಿಲ್ಲಿಸಿ ನಾರಿಲ್ಲದ ಊಟ ಮಾಡಲು ಹೇಳುತ್ತಾರೆ. ಇಷ್ಟು ಹೊತ್ತು ನಾನು ಹೇಳಿದ್ದಕ್ಕೆ ಅದು ವಿರುದ್ಧ ಎಂದು ವಾದಿಸದೆ ಅವರು ಹೇಳಿದಂತೆ ಮಾಡಿ. ಕರುಳು ಪೂರ್ತಿ ಖಾಲಿಯಾಗದಿದ್ದರೆ ಸಣ್ಣ ಪಾಲಿಪ್‌ಗಳು ಕಣ್ತಪ್ಪುತ್ತವೆ, ಪರೀಕ್ಷೆಯನ್ನೇ ಮತ್ತೆ ಮಾಡಬೇಕಾಗಬಹುದು. ಪರೀಕ್ಷೆ ಮುಗಿದ ಮೇಲೆ, ಪಾಲಿಪ್ ತೆಗೆದ ಕಾರಣಕ್ಕೆ ಬೇರೆ ಸೂಚನೆ ಕೊಡದಿದ್ದರೆ, ಮರುದಿನದಿಂದಲೇ ಕಾಳಿಗೆ ಮರಳಬಹುದು.